ರೇಡಿಯೋ ಇಂಟರ್‌ಫಿಯರೆನ್ಸ್‌ಗೆ ಕನ್ನಡದಲ್ಲಿ ಏನನ್ನೋಣ? ಕರೆಂಟ್ ತಂತಿಯಲ್ಲಿ ಬರುವ ಇಂಟರ್ನೆಟ್ ಬಗ್ಗೆ ಬರೆಯುವಾಗ ಎದ್ದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ಒಂದು ಪದದ ಹಿಂದೆ ಬಿದ್ದಿದ್ದೇನೆ. ನಾವು ಕೇಳುತ್ತಿರುವ ಸ್ಟೇಷನ್ ಮೇಲೆ ಬೇಡದ ಅಲೆ ಬಂದು ಕೆಡಿಸುವುದಕ್ಕೆ ರೇಡಿಯೋದವರು ಇಂಟರ್‌ಫಿಯರೆನ್ಸ್ ಅನ್ನುತ್ತಾರಲ್ಲ, ಅದಕ್ಕೆ ಕನ್ನಡ ಪದ ಬೇಕು. ನಿಘಂಟಿನಲ್ಲಿರುವ ಅರ್ಥ ಸಾಲದು. ನಮ್ಮ ಕಡೆ ಹೋಂಸ್ಟೇ ನಡೆಸುವವರಿಗೆ ಅಂತ ಒಂದು ಪುಟದ ಮಾಹಿತಿ ಬರೆಯುತ್ತಿದ್ದೇನೆ, ಅವರು ಓದಿದ ಕೂಡಲೇ ತಲೆಗೆ ಹೋಗಬೇಕು.

ಆದದ್ದು ಇಷ್ಟು. ನಮ್ಮ ಮನೆ ಕೊಡಗಿನ ಮಾದಾಪುರದ ಹತ್ತಿರ, ಪಕ್ಕದಲ್ಲೇ ಭಾವನ ಹೋಂಸ್ಟೇ. ಅವರ ಮನೆಯಿಂದ ಕೆಳಗಿನ ಕಾಟೇಜಿಗೆ ವೈಫೈ ಮುಟ್ಟುತ್ತಿರಲಿಲ್ಲ. ಅದಕ್ಕೆ ಗೋಡೆ ಪ್ಲಗ್ಗಿಗೆ ಸಿಕ್ಕಿಸುವ ಒಂದು ಜೊತೆ ಪೆಟ್ಟಿಗೆ ತಂದರು. ಇರುವ ಕರೆಂಟ್ ವೈರಿನಲ್ಲೇ ಇಂಟರ್ನೆಟ್ ಹರಿಸುವ ಪೆಟ್ಟಿಗೆ. ಕಾಟೇಜಿಗೆ ಹೋಗುವ ತಂತಿ ನಮ್ಮ ಜಗಲಿಯ ಎದುರಿಗೇ ಹಾದು ಹೋಗುತ್ತದೆ. ಅವತ್ತು ರಾತ್ರಿ ನಾನು ದೂರದೂರದ ಸ್ಟೇಷನ್ ಸಿಗುವ ಶಾರ್ಟ್‌ವೇವ್ ರೇಡಿಯೋ ಹಾಕಿದರೆ ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದ ಹಾಗೆ ಚಟಪಟ ಚಟಪಟ. ಕಾಟೇಜಿನ ಅತಿಥಿಗಳು ವಿಡಿಯೋ ನೋಡಲು ಶುರು ಮಾಡಿದ ಮೇಲೆ ಚಟಪಟ ಹೋಗಿ ಒಂದೇ ಸಮನೆ ಗೊರ್ ಅನ್ನತೊಡಗಿತು, ಸ್ಟೇಷನ್ ಅದರ ಅಡಿಗೆ ಮುಳುಗಿಯೇ ಹೋಯಿತು. ಅಮ್ಮ ಒಳಗಿಂದಲೇ, “ರೇಡಿಯೋ ಒಳಗೆ ಜೀರುಂಡೆ ಹೊಕ್ಕಿದೆಯಾ ನೋಡು” ಅಂದರು.

ಬ್ಯಾಟರಿ ರೇಡಿಯೋ ಕೈಯಲ್ಲಿ ಹಿಡಿದು ಹೊರಗೆ ನಡೆದೆ. ತಂತಿಯ ಕೆಳಗೆ ಸದ್ದು ಜೋರು. ಕಾಫಿ ಗಿಡಗಳ ನಡುವೆ ಇಳಿಯುತ್ತಾ ಹೋದ ಹಾಗೆ ಕಡಿಮೆಯಾಯಿತು, ತೋಡಿನ ಹತ್ತಿರ ಸ್ಟೇಷನ್ ಮತ್ತೆ ಸಿಕ್ಕಿತು. ಭಾವನಿಗೆ ಫೋನ್ ಮಾಡಿ ಪೆಟ್ಟಿಗೆ ಕೀಳಿಸಿದೆ, ಪೂರ್ತಿ ನಿಂತಿತು. ಅವರಿಗೆ ಬೇಜಾರಾಯಿತು, ಇದು ಹೀಗೆ ಮಾಡುತ್ತೆ ಅಂತ ಅವರಿಗೇನು ಗೊತ್ತು.

ಕಾರಣ ಸರಳ. ಆ ಪೆಟ್ಟಿಗೆ ಸುಮಾರು 2ರಿಂದ 30 ಮೆಗಾಹರ್ಟ್ಸ್ ಅಲೆಗಳನ್ನು ವೈರಿಗೆ ಬಿಡುತ್ತದೆ. ಶಾರ್ಟ್‌ವೇವ್ ಇರುವುದೂ ಅಲ್ಲೇ. ಕರೆಂಟ್ ತಂತಿ ಮಾಡಿರುವುದು 50 ಹರ್ಟ್ಸ್‌ಗೆ. ಟಿವಿ ಕೇಬಲ್ಲಿಗೆ ಇರುವಂಥ, ಅಲೆ ತಡೆಯುವ ಲೋಹದ ಹೊದಿಕೆ ಅದಕ್ಕಿಲ್ಲ, ಹಾಗಾಗಿ ಉದ್ದಕ್ಕೂ ಆಂಟೆನಾ ಆಗಿಬಿಡುತ್ತದೆ. ಮಡಿಕೇರಿ ಆಕಾಶವಾಣಿ ಎಫ್‌ಎಂ 103.1 ಮೆಗಾಹರ್ಟ್ಸ್‌ನಲ್ಲಿ ಇರುವುದರಿಂದ ಅದಕ್ಕೆ ಏನೂ ಆಗಲಿಲ್ಲ, ಅದಕ್ಕೇ ಊರಲ್ಲಿ ಬೇರೆ ಯಾರ ಗಮನಕ್ಕೂ ಬಂದಿಲ್ಲ. ಕುಶಾಲನಗರದ ಹ್ಯಾಮ್ (ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು) ಗೆಳೆಯರೊಬ್ಬರು ಹೇಳಿದ ಮೇಲೆ ಇನ್ನೊಂದು ಗೊತ್ತಾಯಿತು: ಇಂಥ ಎಷ್ಟೋ ಪೆಟ್ಟಿಗೆಗಳು ಹ್ಯಾಮ್‌ನವರ ಪಟ್ಟಿಗಳನ್ನು (ಬ್ಯಾಂಡ್‌ಗಳನ್ನು) ಮಾತ್ರ ಬಿಟ್ಟು ಉಳಿದ ಕಡೆ ಹರಡುತ್ತವೆ. ನನ್ನಂಥ ಬರೀ ಕೇಳುಗರ ಪಟ್ಟಿಗಳಿಗೆ ಆ ರಿಯಾಯಿತಿ ಇಲ್ಲ. ಅಮೆರಿಕದ ವರ್ಜೀನಿಯಾದ ಮನಾಸಸ್‌ನಲ್ಲಿ ಕರೆಂಟ್ ಕಂಬದ ತಂತಿಯಲ್ಲೇ ಮನೆಮನೆಗೆ ಇಂಟರ್ನೆಟ್ ಕೊಟ್ಟಿದ್ದರು, ಹ್ಯಾಮ್‌ನವರ ದೂರು ವರ್ಷಗಟ್ಟಲೆ ನಡೆಯಿತು, ಲೆಕ್ಕವೂ ಗಿಟ್ಟದೆ 2010ರಲ್ಲಿ ನಿಲ್ಲಿಸಿದರು.

ಈಗ ಪದಕ್ಕೆ ಬರುತ್ತೇನೆ. ಭೌತವಿಜ್ಞಾನ ಓದಿದವರು ವ್ಯತಿಕರಣ ಅನ್ನುತ್ತಾರೆ. ಅದು ಎರಡು ಅಲೆ ಕೂಡಿ ಒಂದು ಕಡೆ ಹೆಚ್ಚಿ ಇನ್ನೊಂದು ಕಡೆ ಕುಗ್ಗುವ ಕ್ರಿಯೆ, ಸೋಪಿನ ಗುಳ್ಳೆಯ ಮೇಲೆ ಬಣ್ಣ ಕಾಣುವುದೂ ಅದರಿಂದಲೇ. ಅದರಲ್ಲಿ ತೊಂದರೆಯ ಮಾತೇ ಇಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಇದೆ ಅಂತ ನಾವೂ ಒಂದೇ ಪದ ಇಡಬೇಕಾಗಿಲ್ಲ ಅಲ್ವಾ. ಹಸ್ತಕ್ಷೇಪ ಅಂತಲೂ ಬರೆಯುವುದನ್ನು ನೋಡಿದ್ದೇನೆ. ಅದರಲ್ಲಿ ಬೇಕಂತಲೇ ಕೈಹಾಕಿದ ಅರ್ಥ ಇದೆ. ತಂತಿಗೆ ಯಾವ ಉದ್ದೇಶ? ಅಡಚಣೆ ಪರವಾಗಿಲ್ಲ, ಆದರೆ “ಅಡಚಣೆಗಾಗಿ ವಿಷಾದಿಸುತ್ತೇವೆ” ಅಂತ ಕೇಳಿ ಕೇಳಿ ನಮಗೆ ಅದು ಪ್ರಸಾರವೇ ನಿಂತುಹೋದಾಗ ಹೇಳುವ ಪದ. ಇಲ್ಲಿ ಪ್ರಸಾರ ಬರುತ್ತಲೇ ಇರುತ್ತದೆ, ಅದರ ಮೇಲೆ ಇನ್ನೊಂದು ಬಂದು ಕೂರುತ್ತದೆ.

ನನಗೆ ಹೊಳೆದದ್ದು ಕಳೆ. ತೋಟದಲ್ಲಿ ಬೇಡದ ಕಡೆ ಎದ್ದ ಗಿಡವನ್ನು ಕಳೆ ಅನ್ನುತ್ತೇವೆ, ಅದೇ ಗಿಡ ಬೇರೆ ಕಡೆ ದನಕ್ಕೆ ಮೇವು. ಇಂಟರ್ನೆಟ್ ಅಲೆಯೂ ಹಾಗೆಯೇ, ವೈರಿನೊಳಗೆ ಇದ್ದರೆ ಉಪಯೋಗ, ರೇಡಿಯೋ ಪಟ್ಟಿಯಲ್ಲಿ ಎದ್ದರೆ ಕಳೆ. ಮೊದಲು ಕಳೆಯಲೆ ಅಂತ ಮಾಡಿ ನೋಡಿದೆ. ಸಂಧಿ ಕೆಡಿಸಿತು: ಓದಿದವರಿಗೆ “ದಿನ ಹೇಗೆ ಕಳೆಯಲಿ” ಅನ್ನುವ ಕಳೆಯಲೆ ಆಗುತ್ತದೆ. ಮುಖದ ಕಳೆ ಬೇರೆ ಇದೆ. ಕೊನೆಗೆ ಕಳೆಸದ್ದು ಅಂತ ಇಟ್ಟುಕೊಂಡಿದ್ದೇನೆ. ತಂತಿಯ ಕಡೆ ಆಗುವುದಕ್ಕೆ ಅಲೆಸೋರಿಕೆ, ರೇಡಿಯೋದಲ್ಲಿ ಕೇಳುವುದಕ್ಕೆ ಕಳೆಸದ್ದು. ಎರಡೂ ತುದಿಗೆ ಬೇರೆ ಬೇರೆ ಹೆಸರಿದ್ದರೆ ತಪ್ಪು ಎಲ್ಲಿದೆ ಅಂತ ತೋರಿಸುವುದು ಸುಲಭ. ಇಲ್ಲದಿದ್ದರೆ ಎಲ್ಲರೂ ಸುಮ್ನೆ ರೇಡಿಯೋ ಹಾಳಾಗಿದೆ ಅಂದುಬಿಡುತ್ತಾರೆ. ನಮ್ಮಮ್ಮನೂ ಅದನ್ನೇ ಅಂದದ್ದು.

ಆದರೆ ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಅಂತಾರಾಷ್ಟ್ರೀಯ ರೇಡಿಯೋ ನಿಯಮಗಳಲ್ಲಿ ಇದಕ್ಕೆ ಮೂರು ದರ್ಜೆ ಇದೆ: ಇರಬಹುದಾದದ್ದು, ಒಪ್ಪಿಕೊಂಡದ್ದು, ಹಾನಿಕರವಾದದ್ದು. “ಒಪ್ಪಿಕೊಂಡ ಕಳೆಸದ್ದು” ಅಂದರೆ ಕಿವಿಗೆ ಹಿತವಾಗಿಲ್ಲ, ಕಳೆಯನ್ನು ಯಾರು ಒಪ್ಪಿಕೊಳ್ಳುತ್ತಾರೆ? ಅಲ್ಲಿ ಅಡ್ಡಿ ಚೆನ್ನಾಗಿ ಕೂರುತ್ತದೆ. “ಅಡ್ಡಿಯಿಲ್ಲ” ಅಂತ ದಿನಾ ಅನ್ನುತ್ತೇವೆ, ಅಂದರೆ ಸ್ವಲ್ಪ ಇದ್ದರೂ ನಡೆಯುತ್ತೆ ಅನ್ನುವ ಅರ್ಥಕ್ಕೆ ಆ ಪದ ಆಗಲೇ ಪಳಗಿದೆ. ಹಾಗಾದರೆ ಕಾನೂನಿಗೆ ಅಡ್ಡಿ, ಮಾತಿಗೆ ಕಳೆಸದ್ದು, ಹೀಗೆ ಎರಡು ಇಟ್ಟುಕೊಳ್ಳಬಹುದಾ?

1935ರಲ್ಲಿ ಶುರುವಾದ ಎಂ.ವಿ. ಗೋಪಾಲಸ್ವಾಮಿಯವರ ಮೈಸೂರಿನ ರೇಡಿಯೋ ಕೇಂದ್ರಕ್ಕೆ ಆಕಾಶವಾಣಿ ಅಂತ ಹೆಸರಿಟ್ಟಾಗ, ಅದು ಮುಂದೆ ಇಡೀ ದೇಶದ ಪದ ಆಗುವಷ್ಟು ಹೊಂದಿತು. ಅಷ್ಟು ಹೊಂದುವ ಪದ ಇದಕ್ಕೂ ಸಿಗಬೇಕು ಅಂತ ನನಗೆ ಆಸೆ.

ಕ್ರಿಯಾಪದವೂ ಬೇಕು. ಕಳೆಸದ್ದು ಏಳುತ್ತದೆಯೋ, ಬೀಳುತ್ತದೆಯೋ, ಹತ್ತುತ್ತದೆಯೋ? ನಿಮ್ಮ ಊರಿನಲ್ಲಿ ವಾಲ್ವ್ ರೇಡಿಯೋ ರಿಪೇರಿ ಮಾಡಿದ ಹಿರಿಯರು ಯಾರಾದರೂ ಇದ್ದರೆ, ಒಂದು ಸ್ಟೇಷನ್ ಮೇಲೆ ಇನ್ನೊಂದು ಬಂದಾಗ ಅವರು ಏನನ್ನುತ್ತಿದ್ದರು ಅಂತ ಕೇಳಿ, ಅವರ ಬಾಯಲ್ಲಿ ಬಂದ ಹಾಗೇ ಬರೆದು ಕಳಿಸಿ.