ವೇಳೆಗಳ ಪ್ರಾರ್ಥನೆ: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಮ್ಮ ಮನೆಯಲ್ಲಿ ಜಪಸರ ಬಿಟ್ಟರೆ ಬೇರೆ ಅಭ್ಯಾಸ ಇಲ್ಲ. ಚರ್ಚಿನ ಗುರುಗಳು, ಸಿಸ್ಟರ್‌ಗಳು ದಿನವೂ ಗೊತ್ತಾದ ಹೊತ್ತುಗಳಲ್ಲಿ ಬೈಬಲ್‌ನ ಕೀರ್ತನೆಗಳೊಂದಿಗೆ ಹೇಳುವ ವೇಳೆಗಳ ಪ್ರಾರ್ಥನೆಯನ್ನು ನಾನೂ ಕಲಿಯೋಣ ಅಂತ ಅದರ ಇಂಗ್ಲಿಷ್ ಪುಸ್ತಕ, ಬ್ರೀವಿಯರಿ, ತರಿಸಿದೆ. ದಪ್ಪ ಪುಸ್ತಕ, ಬಣ್ಣಬಣ್ಣದ ರಿಬ್ಬನ್ನು. ಯಾವ ಪುಟ ತೆಗೆಯಬೇಕೋ ತಿಳಿಯುತ್ತಿಲ್ಲ. ಶಿಫ್ಟ್ ಕೆಲಸ ಬೇರೆ. ರೂಢಿ ಇರುವವರು ದಯವಿಟ್ಟು ಹೇಳಿ.

ಉತ್ತರ, ಬೆಂಗಳೂರಿನಿಂದ: ರಾತ್ರಿ ಪ್ರಾರ್ಥನೆಯಿಂದ ಶುರು ಮಾಡಿ. ಎಲ್ಲರೂ ಬೆಳಗಿನದ್ದಕ್ಕೇ ಮೊದಲು ಕೈ ಹಾಕುತ್ತಾರೆ. ನಾಲ್ಕು ವಾರದ ಕೀರ್ತನೆಗಳ ಸುತ್ತಿನಲ್ಲಿ ಸಿಕ್ಕಿಹಾಕಿಕೊಂಡು ತಿಂಗಳೊಳಗೆ ಬಿಟ್ಟುಬಿಡುತ್ತಾರೆ. ರಾತ್ರಿಯದ್ದು ಒಂದೇ ವಾರದ ಸುತ್ತು. ಸೋಮವಾರ 86ನೇ ಕೀರ್ತನೆ, ಮಂಗಳವಾರ 143, ಬುಧವಾರ 31 ಮತ್ತು 130, ಗುರುವಾರ 16, ಶುಕ್ರವಾರ 88, ಶನಿವಾರ 4 ಮತ್ತು 134, ಭಾನುವಾರ 91. ಕೆಲವದರಲ್ಲಿ ಪೂರ್ತಿ ಕೀರ್ತನೆ ಇಲ್ಲ, ಒಂದು ಭಾಗ ಮಾತ್ರ. ಇದೂ ಜಾಸ್ತಿ ಅನಿಸಿದರೆ ಭಾನುವಾರದ್ದನ್ನೇ ದಿನವೂ ಹೇಳಬಹುದು. ನಿಯಮದಲ್ಲೇ ಅದಕ್ಕೆ ಅವಕಾಶ ಇದೆ. ಕೀರ್ತನೆ ಆದ ಮೇಲೆ ಒಂದು ಚಿಕ್ಕ ವಾಚನ, ಸಿಮೆಯೋನನ ಹಾಡು (ಲೂಕ 2:29-32), ಕೊನೆಗೆ ಯೇಸುವಿನ ತಾಯಿ ಮರಿಯಮ್ಮನವರನ್ನು ಕುರಿತ ಒಂದು ಗೀತೆ. ಹತ್ತು ನಿಮಿಷದ ಕೆಲಸ.

ನಿಮ್ಮ ಶಿಫ್ಟಿಗೂ ಇದೇ ಸರಿ. ಇದು ಮಲಗುವ ಮುಂಚಿನ ಪ್ರಾರ್ಥನೆ. ನೀವು ಮಲಗೋದು ಮಧ್ಯರಾತ್ರಿ ದಾಟಿದ ಮೇಲಾದರೂ ಆಗಲೇ ಹೇಳಿಕೊಳ್ಳಬಹುದು.

ಕೀರ್ತನೆಗಳಿಗೆ ಮನೆಯ ಕನ್ನಡ ಬೈಬಲ್ ಸಾಕು. ಹಳೆಯ ಲ್ಯಾಟಿನ್ ಪದ್ಧತಿಯ ಪುಸ್ತಕ ನೋಡುವವರು ಮಾತ್ರ ಸ್ವಲ್ಪ ಎಚ್ಚರ. ಅದರಲ್ಲಿ ಹೆಚ್ಚಿನ ಕೀರ್ತನೆಗಳ ಸಂಖ್ಯೆ ಒಂದು ಕಡಿಮೆ ಇರುತ್ತದೆ, ನಮ್ಮ 91 ಅಲ್ಲಿ 90.

ಶುಕ್ರವಾರದ 88ರ ಬಗ್ಗೆ ಒಂದು ಮಾತು. ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ಮೊದಮೊದಲು ಇದನ್ನು ಹೇಳಿ ಹೇಗಪ್ಪಾ ಮಲಗೋದು ಅನಿಸುತ್ತಿತ್ತು. ಈಗ ವಾರದಲ್ಲಿ ನನಗೆ ಬೇಕಾದದ್ದು ಅದೇ. ಯೇಸು ಸತ್ತದ್ದು ಶುಕ್ರವಾರ ಅಲ್ವಾ, ಅವತ್ತು ಸುಮ್ನೆ ಸಮಾಧಾನ ಹೇಳದ ಪ್ರಾರ್ಥನೆಯೇ ಸರಿ.

ರಾತ್ರಿಯದ್ದು ಬಾಯಿಗೆ ಬಂದ ಮೇಲೆ ಬೆಳಗಿನದ್ದು, ಸಂಜೆಯದ್ದು ಸೇರಿಸಿಕೊಳ್ಳಿ. ಅವೆರಡೇ ಮುಖ್ಯ ವೇಳೆಗಳು ಅಂತ ಕಥೋಲಿಕ ಬಿಷಪ್ಪರ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದೆ. ಬೆಳಿಗ್ಗೆ ಜಕರೀಯನ ಹಾಡು, ಸಂಜೆ ಮರಿಯಮ್ಮನವರೇ ಹಾಡಿದ ಸ್ತುತಿಗೀತೆ, ಇವು ಬದಲಾಗುವುದಿಲ್ಲ. ಯಾವ ವಾರದ ಕೀರ್ತನೆ ಅಂತ ಗೊಂದಲವಾದರೆ ಸಾಧಾರಣ ಕಾಲದ (ಕ್ರಿಸ್ಮಸ್, ಈಸ್ಟರ್‌ನಂಥ ವಿಶೇಷ ಕಾಲಗಳನ್ನು ಬಿಟ್ಟು ಉಳಿದದ್ದು) ವಾರದ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿ. 18ನೇ ವಾರ ಅಂದರೆ ಶೇಷ 2, ಎರಡನೇ ವಾರದ ಪುಟ. ಶೇಷ ಉಳಿಯದಿದ್ದರೆ ನಾಲ್ಕನೇ ವಾರ. ಒಂದು ರಿಬ್ಬನ್ ಅಲ್ಲಿ, ಇನ್ನೊಂದು ಆ ದಿನದ ಪುಟದಲ್ಲಿ. ಉಳಿದ ರಿಬ್ಬನ್‌ಗಳು ಸಂತರ ಹಬ್ಬ ಬರುವವರೆಗೆ ತೆಪ್ಪಗಿರಲಿ.

ಉತ್ತರ, ಧಾರವಾಡದಿಂದ: ನಾನು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಸಭೆಯವನು. ನನ್ನದು ಆಂಗ್ಲಿಕನ್ನರ (ಇಂಗ್ಲೆಂಡಿನ ಸಭೆಯವರ) 1662ರ ಪ್ರಾರ್ಥನಾ ಪುಸ್ತಕದ ಕ್ರಮ. 150 ಕೀರ್ತನೆಗಳನ್ನು 30 ದಿನಕ್ಕೆ, ಬೆಳಿಗ್ಗೆ ಸಂಜೆ ಅಂತ ಹಂಚಿಟ್ಟಿದ್ದಾರೆ. ಇವತ್ತು ಎಷ್ಟನೇ ತಾರೀಕು ಅಂತ ಗೊತ್ತಿದ್ದರೆ ಸಾಕು, ಲೆಕ್ಕ ಏನೂ ಬೇಡ. 31 ಬಂದರೆ 30ರದ್ದೇ ಮತ್ತೊಮ್ಮೆ. 15ರ ಸಂಜೆ ಮಾತ್ರ ಸ್ವಲ್ಪ ಬೇಗ ಕೂತುಕೊಳ್ಳಿ. ಅವತ್ತು 78ನೇ ಕೀರ್ತನೆ, 70ಕ್ಕಿಂತ ಜಾಸ್ತಿ ವಚನಗಳಿವೆ!

ಉತ್ತರ, ಕಡಬದಿಂದ: ನಮ್ಮದು ಕೇರಳದಿಂದ ಬಂದ ಆರ್ಥೊಡಾಕ್ಸ್ ಕ್ರೈಸ್ತ ಕುಟುಂಬ. ನಮಗೆ ಶ್ಹೀಮೋ ಅನ್ನುವ ಪುಸ್ತಕ ಇದೆ, ಏಳು ವೇಳೆ, ವಾರದ ಸುತ್ತು. ದಿನ ಶುರುವಾಗೋದು ಸಂಜೆ. ಸೋಮವಾರದ ಪ್ರಾರ್ಥನೆ ಭಾನುವಾರ ಸಂಜೆಗೇ ಬರುತ್ತದೆ. ಪೂರ್ವಕ್ಕೆ ಮುಖ ಮಾಡಿ ನಿಂತು, ರಾಗವಾಗಿ ಹೇಳುತ್ತೇವೆ. ಓದು ಬಾರದ ನಮ್ಮ ಅಜ್ಜಿಗೆ ಅರ್ಧ ಪುಸ್ತಕ ಬಾಯಿಪಾಠ ಇತ್ತು, ಎಲ್ಲ ರಾಗದಿಂದಲೇ. ನಿಮಗೂ ಅದೇ ಹೇಳುತ್ತೇನೆ, ಮನಸ್ಸಿನಲ್ಲಿ ಓದಬೇಡಿ, ಬಾಯಿ ಬಿಟ್ಟು ಹೇಳಿ.

ಕೇಳಿದವರು: ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಒಂದು ಹೊತ್ತಿನ ಪ್ರಾರ್ಥನೆ ತಪ್ಪಿಹೋದರೆ ಆಮೇಲೆ ಸೇರಿಸಿ ಹೇಳಬೇಕಾ? ಮತ್ತೆ ಮೊಬೈಲ್ ಆ್ಯಪ್ ನಡೆಯುತ್ತಾ?

ಬೆಂಗಳೂರಿನಿಂದ: ಬೇಡ. ಗುರುಗಳಿಗೆ ಅದು ಕರ್ತವ್ಯ, ನಮಗೆ ಆ ಕಟ್ಟು ಇಲ್ಲ. ಬೆಳಗಿನದ್ದು ತಪ್ಪಿದರೆ ಸಂಜೆಯದ್ದನ್ನು ಹೇಳಿ, ಅಷ್ಟೇ. ಸಂಜೆ ಆರು ಗಂಟೆಗೆ ಕೂತು ‘ಈ ಮುಂಜಾನೆ’ ಅಂತ ಹೇಳೋದು ನನಗಂತೂ ಸರಿಬರಲ್ಲ. ಆ್ಯಪ್‌ಗೆ ಐಬ್ರೀವಿಯರಿ ಇದೆ, ಆ ದಿನದ್ದನ್ನು ಅದೇ ತೆಗೆದುಕೊಡುತ್ತದೆ, ಬಸ್ಸಿನಲ್ಲಿ ಬಹಳ ಅನುಕೂಲ. ರಾತ್ರಿಗೆ ಮಾತ್ರ ಪುಸ್ತಕವೇ ಇರಲಿ. ಫೋನ್ ಕೈಗೆ ಬಂದರೆ ಪ್ರಾರ್ಥನೆ ಹತ್ತು ನಿಮಿಷ, ವಾಟ್ಸ್‌ಆ್ಯಪ್ ಒಂದು ಗಂಟೆ.