ಸಹಾಯ ಬೇಕು: 60 ಅಡಿ ಹ್ಯಾಮ್ ರೇಡಿಯೋ ಟವರ್ ಎತ್ತಲು ಕ್ರೇನ್

ಎಲ್ಲರಿಗೂ ನಮಸ್ಕಾರ. ತಿಪಟೂರು ಹತ್ತಿರ ನಮ್ಮ ತೋಟದಲ್ಲಿ ಹ್ಯಾಮ್ (ಹವ್ಯಾಸಿ) ರೇಡಿಯೋಗಾಗಿ 60 ಅಡಿಯ ಮೂರು ಕಾಲಿನ ಟವರ್ ನಿಲ್ಲಿಸಬೇಕು. ಮೇಲೆ 14 ಮೆಗಾಹರ್ಟ್ಸ್‌ನ ಯಾಗಿ ಆಂಟೆನಾ (ಒಂದು ಉದ್ದ ಪೈಪಿಗೆ ಅಡ್ಡಡ್ಡ ಪೈಪುಗಳನ್ನು ಕೂರಿಸಿದ್ದು) ಬರುತ್ತದೆ. ಪಾಯದ ಕಾಂಕ್ರೀಟಿಗೆ 28 ದಿನ ತುಂಬಿದೆ.

ಟವರನ್ನು ನೆಲದ ಮೇಲೇ ಜೋಡಿಸಿ, ಕ್ರೇನ್‌ನಲ್ಲಿ ಒಂದೇ ಸಲ ಎತ್ತುವ ಯೋಚನೆ. ಬೆಲ್ಟನ್ನು ಅರ್ಧಕ್ಕಿಂತ ಮೇಲೆ ಕಟ್ಟಬೇಕು, ಇಲ್ಲದಿದ್ದರೆ ತಲೆಕೆಳಗಾಗುತ್ತದೆ, ಅದು ಗೊತ್ತು. ಆದರೆ ಆಂಟೆನಾ ಸೇರಿಸಿಯೇ ಎತ್ತಬಹುದಾ? ಅಥವಾ ಗೈ ವೈರ್ (ಟವರನ್ನು ಸುತ್ತಲಿಂದ ಎಳೆದು ಹಿಡಿಯುವ ತಂತಿ) ಬಿಗಿದ ಮೇಲೆ ಹತ್ತಿ ಕೂರಿಸೋದು ಒಳ್ಳೆಯದಾ? ಆಂಟೆನಾದ ಒಂದೊಂದು ಎಲಿಮೆಂಟೂ (ಅಡ್ಡ ಪೈಪು) ಸುಮಾರು 10 ಮೀಟರ್ ಉದ್ದ. ಪಕ್ಕದ ತೆಂಗಿನ ಗರಿಗೆ ತಾಗಿದರೆ ಅಲ್ಯೂಮಿನಿಯಂ ಪೈಪು ಬಾಗಿಯೇ ಹೋಗುತ್ತದೆ.

ಕರೆಂಟ್ ಲೈನ್ ದೂರ ಇದೆ. ಗಾಳಿ ಇಲ್ಲದ ಬೆಳಗ್ಗೆಯೇ ಕೆಲಸ ಶುರು ಮಾಡುತ್ತೇವೆ. ಸುತ್ತ ಹಗ್ಗ ಹಿಡಿದು ಜನ ನಿಂತಿರುತ್ತಾರೆ ಅಲ್ವಾ, ಸುಮ್ನೆ ಅಂದಾಜಿನ ಮೇಲೆ ಮಾಡಲು ಮನಸ್ಸಿಲ್ಲ. ಟವರ್ ಎತ್ತಿ ಅನುಭವ ಇರುವ ಕ್ರೇನ್ ಆಪರೇಟರ್ ತುಮಕೂರು ಕಡೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.