ಸಹಾಯ ಬೇಕು: ಆಲ್ಜಿನೇಟ್ ನ್ಯಾನೋಕಣಗಳು ಗಂಟು ಕಟ್ಟುತ್ತಿವೆ

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಕಂದು ಕಡಲಪಾಚಿಯಿಂದ ಸಿಗುವ ಸೋಡಿಯಂ ಆಲ್ಜಿನೇಟ್ ಬಳಸಿ, ನೀರಿನಲ್ಲಿ ಸುಲಭವಾಗಿ ಕರಗದ ಅರಿಶಿನದ ಕರ್ಕ್ಯುಮಿನ್ ಅನ್ನು ಹೊತ್ತೊಯ್ಯುವ ನ್ಯಾನೋಕಣ ತಯಾರಿಸುವುದು ನನ್ನ ಪ್ರಾಜೆಕ್ಟ್. ಆಲ್ಜಿನೇಟ್ ದ್ರಾವಣಕ್ಕೆ ಕ್ಯಾಲ್ಸಿಯಂ ಕ್ಲೋರೈಡನ್ನು ಹನಿಹನಿಯಾಗಿ ಬಿಟ್ಟು, ಆಮೇಲೆ ಕೈಟೋಸಾನ್ (ಸಿಗಡಿ, ಏಡಿಗಳ ಚಿಪ್ಪಿನಿಂದ ತಯಾರಿಸುವ ಪದಾರ್ಥ) ಸೇರಿಸುತ್ತೇನೆ. ಋಣ ಆವೇಶದ ಆಲ್ಜಿನೇಟನ್ನು ಧನ ಆವೇಶದ ಕೈಟೋಸಾನ್ ಹಿಡಿದುಕೊಳ್ಳಬೇಕು, ನ್ಯಾನೋಕಣಗಳಾದ ಗುರುತಾಗಿ ದ್ರಾವಣ ತೆಳುವಾಗಿ ಮಬ್ಬಾಗಬೇಕು. ಆದರೆ ಬೀಕರಿನ ತಳದಲ್ಲಿ ಬೆಂದ ಸಬ್ಬಕ್ಕಿಯಂಥ ಹಳದಿ ಗಂಟುಗಳು ಕೂರುತ್ತಿವೆ! ಮೂರು ವಾರಗಳಿಂದ ಇದೇ ಕಥೆ, ನಿಜಕ್ಕೂ ಸೋತಿದ್ದೇನೆ. ಪಿಎಚ್ ತಪ್ಪುತ್ತಿದೆಯೇ, ಕ್ಯಾಲ್ಸಿಯಂ ಹೆಚ್ಚಾಗುತ್ತಿದೆಯೇ, ಕಲಕುವ ವೇಗ ಸಾಲದೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಮೈಸೂರು ಅಥವಾ ಮಂಗಳೂರಿನಲ್ಲಿ ಕಣಗಳ ಗಾತ್ರ ಅಳೆದುಕೊಡುವ ಪ್ರಯೋಗಾಲಯ ಗೊತ್ತಿದ್ದರೂ ಹೇಳಿ. ಎಂಥ ಮಳೆಯಿದ್ದರೂ ಬೆಳಗಿನ ಮೊದಲ ಬಸ್ಸಿಗೇ ಹೊರಟು ಬರುತ್ತೇನೆ.